ಫಿನಾಲ್ ಮಾರ್ಗಕ್ಕೆ ಹಾಕಿಸಿದ ವಿದ್ಯುತ್ ಹೀಟ್ ಟ್ರೇಸಿಂಗ್: ಕೇಬಲ್ಲಿಗೆ ಮೆಚ್ಚುಗೆ, ಪ್ಯಾನೆಲ್ಲಿಗೆ ಆಕ್ಷೇಪ

ಪ್ಲೈವುಡ್ ಅಂಟಿಗೆ ಬೇಕಾಗುವ ಫಿನಾಲ್-ಫಾರ್ಮಾಲ್ಡಿಹೈಡ್ ರೆಸಿನ್ ತಯಾರಿಸುವ, ಕರಾವಳಿಯ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ವಿದ್ಯುತ್ ನಿರ್ವಹಣೆಯ ಹೊಣೆ ನನ್ನದು. ಟ್ಯಾಂಕರ್ ಇಳಿಸುವ ಕಟ್ಟೆಯಿಂದ ಸಂಗ್ರಹ ಟ್ಯಾಂಕಿಗೂ ಅಲ್ಲಿಂದ ರಿಯಾಕ್ಟರಿಗೂ ಹೋಗುವ ಫಿನಾಲ್ ಕೊಳವೆಗಳಿಗೆ ಮೊದಲಿದ್ದ ಸ್ಟೀಮ್ ಟ್ರೇಸಿಂಗನ್ನು (ಹಬೆಯ ಸಣ್ಣ ನಳಿಗೆಗಳಿಂದ ಕೊಳವೆಯನ್ನು ಬಿಸಿಯಾಗಿಡುವ ವ್ಯವಸ್ಥೆ) ತೆಗೆಸಿ, ಸೆಲ್ಫ್ ರೆಗ್ಯುಲೇಟಿಂಗ್ ಕೇಬಲ್ ಬಳಸಿದ ವಿದ್ಯುತ್ ಹೀಟ್ ಟ್ರೇಸಿಂಗನ್ನು, ಎಂದರೆ ಕೊಳವೆಗೆ ಕಟ್ಟಿದ ವಿದ್ಯುತ್ ಕೇಬಲ್ಲಿನಿಂದ ಅದನ್ನು ಬಿಸಿಯಾಗಿಡುವ ವ್ಯವಸ್ಥೆಯನ್ನು, ನಾವು ಹಾಕಿಸಿಕೊಂಡೆವು. ವಿನ್ಯಾಸ, ಕೇಬಲ್, ಜೋಡಣೆಯ ಕಿಟ್‌ಗಳು, ಪ್ಯಾನೆಲ್, ಅಳವಡಿಕೆ ಮತ್ತು ಚಾಲನೆ ಎಲ್ಲವನ್ನೂ ಒಬ್ಬ ಗುತ್ತಿಗೆದಾರರಿಗೇ ಒಪ್ಪಿಸಿದ್ದರಿಂದ ಈ ವಿಮರ್ಶೆ ಸರಕಿಗೂ ಸೇವೆಗೂ ಒಟ್ಟಾಗಿ ಅನ್ವಯಿಸುತ್ತದೆ. ಅವರ ಹೆಸರನ್ನು ಬರೆಯುವುದಿಲ್ಲ, ಏಕೆಂದರೆ ನಾನು ಎತ್ತುವ ಆಕ್ಷೇಪಗಳು ಈ ವ್ಯವಹಾರದಲ್ಲಿರುವ ಹಲವರಿಗೆ ಸಲ್ಲುವಂಥವು. ಒಂದು ಪೂರ್ತಿ ಮಳೆಗಾಲವನ್ನು ಈ ವ್ಯವಸ್ಥೆ ಕಂಡ ಬಳಿಕವೇ ಬರೆಯಬೇಕೆಂದು ಕಾದಿದ್ದೆ.

ಹೀಟ್ ಟ್ರೇಸಿಂಗ್ ಎಂದರೆ ಹಿಮ ಬೀಳುವ ದೇಶಗಳ ಸಂಗತಿ ಎಂಬ ಅಭಿಪ್ರಾಯ ನಮ್ಮಲ್ಲಿ ಬಲವಾಗಿದೆ. ಕ್ಯಾಟಲಾಗುಗಳಲ್ಲಿಯೂ ನೀರು ಹೆಪ್ಪುಗಟ್ಟದಂತೆ ತಡೆಯುವ ಉದಾಹರಣೆಗಳೇ ತುಂಬಿರುತ್ತವೆ. ಆದರೆ ಫಿನಾಲ್ ಸುಮಾರು 41 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಗಟ್ಟಿಯಾಗುವ ವಸ್ತುವಾದ್ದರಿಂದ, ಕರಾವಳಿಯ ಏಪ್ರಿಲ್ ತಿಂಗಳ ಸೆಖೆಯಲ್ಲಿಯೂ ಅದು ಕೊಳವೆಯಲ್ಲಿ ಹರಳುಗಟ್ಟಿ ನಿಲ್ಲುತ್ತದೆ. ಅದನ್ನು 50ರಿಂದ 60 ಡಿಗ್ರಿಯ ನಡುವೆ ಇಟ್ಟರೆ ಪಂಪ್ ಸುಲಭವಾಗಿ ಎಳೆಯುತ್ತದೆ. ಅದಕ್ಕಿಂತ ಹೆಚ್ಚು ಕಾಯಿಸಿದರೆ ಬಣ್ಣ ಕೆಂಪೇರುತ್ತದೆ. ಚರ್ಮಕ್ಕೆ ತಗುಲಿದರೆ ಸುಡುವುದಷ್ಟೇ ಅಲ್ಲದೆ ಚರ್ಮದ ಮೂಲಕ ರಕ್ತಕ್ಕೆ ಸೇರಿ ಜೀವಕ್ಕೆ ಅಪಾಯ ತರಬಲ್ಲ ವಸ್ತು ಅದು. ಆದ್ದರಿಂದ ಕಟ್ಟಿಕೊಂಡ ಕೊಳವೆಯ ಫ್ಲ್ಯಾಂಜ್ ಬಿಚ್ಚಿ ಸ್ವಚ್ಛಗೊಳಿಸುವ ಸಂದರ್ಭವೇ ಬಾರದಂತೆ ನೋಡಿಕೊಳ್ಳುವುದು ಇಲ್ಲಿ ಮೊದಲ ಸುರಕ್ಷತಾ ಕ್ರಮ, ಮತ್ತು ಹೀಟ್ ಟ್ರೇಸಿಂಗ್ ನಮಗೆ ಬೇಕಾಗಿರುವುದು ಆ ಕಾರಣಕ್ಕೆ.

ಹಳೆಯ ಸ್ಟೀಮ್ ಟ್ರೇಸಿಂಗ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 3 ಬಾರ್ ಗೇಜ್ ಒತ್ತಡದ ಸ್ಟೀಮ್ 140 ಡಿಗ್ರಿ ದಾಟಿರುತ್ತದೆ, 55 ಡಿಗ್ರಿ ಸಾಕಾಗುವ ಕೊಳವೆಗೆ ಅದು ಅತಿಯಾಯಿತು. ಹಬೆ ತಣಿದಾಗಿನ ನೀರನ್ನು ಹೊರಬಿಡುವ ಟ್ರ್ಯಾಪ್‌ಗಳು ಕೆಟ್ಟು ಸೋರುತ್ತಿದ್ದವು, ತಾಮ್ರದ ಸಣ್ಣ ನಳಿಗೆಗಳ ಜೋಡಣೆಗಳು ಸಡಿಲಗೊಳ್ಳುತ್ತಿದ್ದವು, ಕೊಳವೆಯ ತಾಪಮಾನ ಎಷ್ಟಿದೆ ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ.

ಈಗ ಕೇಬಲ್ಲಿನ ವಿಚಾರ. ಸೆಲ್ಫ್ ರೆಗ್ಯುಲೇಟಿಂಗ್ ಕೇಬಲ್ಲಿನಲ್ಲಿ ಸಮಾನಾಂತರವಾಗಿ ಸಾಗುವ ಎರಡು ತಾಮ್ರದ ತಂತಿಗಳ ನಡುವೆ ಇಂಗಾಲದ ಕಣಗಳನ್ನು ಬೆರೆಸಿದ ಪಾಲಿಮರ್ ಇರುತ್ತದೆ. ತಂಪಾಗಿರುವಾಗ ಇಂಗಾಲದ ಕಣಗಳು ಒಂದಕ್ಕೊಂದು ತಾಗಿಕೊಂಡು ವಿದ್ಯುತ್ತಿಗೆ ಅಸಂಖ್ಯ ದಾರಿಗಳನ್ನು ಕೊಡುತ್ತವೆ. ಬಿಸಿಯಾದಂತೆ ಪಾಲಿಮರ್ ಹಿಗ್ಗಿ ಆ ದಾರಿಗಳು ಕಡಿದುಹೋಗುತ್ತವೆ, ಪ್ರತಿರೋಧ ಏರುತ್ತದೆ, ಶಾಖದ ಉತ್ಪತ್ತಿ ಇಳಿಯುತ್ತದೆ. ಕೇಬಲ್ಲಿನ ಪ್ರತಿಯೊಂದು ಭಾಗವೂ ತನ್ನಷ್ಟಕ್ಕೆ ತಾನೇ ಹೀಗೆ ಹೊಂದಿಕೊಳ್ಳುವುದರಿಂದ, ವಾಲ್ವಿನ ಮೇಲೆ ಸುತ್ತುವಾಗ ಕೇಬಲ್ ತನ್ನ ಮೇಲೆ ತಾನೇ ಹಾಯ್ದರೂ ಆ ಜಾಗ ಸುಟ್ಟುಹೋಗುವುದಿಲ್ಲ. ಅಗ್ಗದ ದರಕ್ಕೆ ಸಿಗುವ ಸ್ಥಿರ ವ್ಯಾಟಿನ ಕೇಬಲ್‌ಗಳಲ್ಲಿ ಇದೇ ಹಾಯುವಿಕೆಯಿಂದ ಹೊದಿಕೆ ಕರಗುತ್ತದೆ. ಈ ತಂತ್ರಜ್ಞಾನ 1970ರ ದಶಕದ ಆರಂಭದಲ್ಲಿ ಅಮೆರಿಕದ ರೇಕೆಮ್ ಕಂಪನಿಯಿಂದ ಮಾರುಕಟ್ಟೆಗೆ ಬಂತು. ಈಗ ಹಲವು ದೇಶಗಳ ತಯಾರಕರ ಕೇಬಲ್ಲುಗಳು ಸಿಗುತ್ತವೆ.

ಕೇಬಲ್ಲಿನ ಆಯ್ಕೆಯಲ್ಲಿ ನಮ್ಮ ಗುತ್ತಿಗೆದಾರರು ಮೊದಲು ಸೂಚಿಸಿದ್ದು ಕಡಿಮೆ ತಾಪದ ದರ್ಜೆಯನ್ನು, ಎಂದರೆ 65 ಡಿಗ್ರಿಯವರೆಗೆ ಕೊಳವೆಯನ್ನು ಕಾಯ್ದುಕೊಳ್ಳುವ, ತಾತ್ಕಾಲಿಕವಾಗಿ 85 ಡಿಗ್ರಿ ತಾಳುವ ಕೇಬಲ್ಲನ್ನು. 55 ಡಿಗ್ರಿಯ ಕೆಲಸಕ್ಕೆ ಅದು ಸಾಕೆಂದು ಕಾಗದದ ಮೇಲೆ ಕಾಣುತ್ತದೆ. ಆದರೆ ಕೊಳವೆಯನ್ನು ವರ್ಷದಲ್ಲಿ ಕೆಲವು ಬಾರಿ ಒಳಗಿನಿಂದ ಸ್ಟೀಮ್ ಹಾಯಿಸಿ ತೊಳೆಯುವ ರೂಢಿ ನಮ್ಮಲ್ಲಿದೆ. ಆಗ ಕೊಳವೆಯ ಗೋಡೆಯೇ 140 ಡಿಗ್ರಿಗೆ ಏರುತ್ತದೆ, ಮತ್ತು ಕೇಬಲ್ಲಿಗೆ ವಿದ್ಯುತ್ ಇಲ್ಲದಿದ್ದರೂ ಅದರ ಪಾಲಿಮರ್ ಬೇಯುತ್ತದೆ. ಹಾಗೆ ಬೆಂದ ಕೇಬಲ್ ಅಂದೇ ಕೆಡುವುದಿಲ್ಲ. ಶಾಖ ಮೆಲ್ಲನೆ ಕುಂದುತ್ತ ಹೊದಿಕೆ ಬಿರುಕುಬಿಡುತ್ತ ಹೋಗಿ, ಮುಂದಿನ ಮಳೆಗಾಲದಲ್ಲಿ ಅದರ ಫಲ ಕಾಣಿಸುತ್ತದೆ. ಈ ವಿಷಯವನ್ನು ತಿಳಿಸಿದ ಮೇಲೆ ಅವರು 120 ಡಿಗ್ರಿಯ ನಿರ್ವಹಣೆಗೂ ತಾತ್ಕಾಲಿಕವಾಗಿ 200 ಡಿಗ್ರಿಗೂ ಒದಗುವ, ಫ್ಲೋರೋಪಾಲಿಮರ್ ಹೊರಕವಚದ ಕೇಬಲ್ಲನ್ನು ಕೊಟ್ಟರು. ಫಿನಾಲ್ ಹನಿಗೂ ಆ ಕವಚ ಜಗ್ಗುವುದಿಲ್ಲ. ಬೆಲೆ ಗಣನೀಯವಾಗಿ ಏರಿತು, ಆದರೆ ನಾವು ಕೊಟ್ಟ ಹಣದಲ್ಲಿ ಅತ್ಯಂತ ಸಾರ್ಥಕವಾದ ಭಾಗ ಅದೇ ಎಂದು ನನ್ನ ನಂಬಿಕೆ. ಕೊಳವೆಯನ್ನು ಹೇಗೆ ತೊಳೆಯುತ್ತೀರಿ ಎಂಬ ಪ್ರಶ್ನೆ ಮೊದಲ ದಿನವೇ ಅವರ ಕಡೆಯಿಂದ ಬರಬೇಕಾಗಿತ್ತು.

ಶಾಖದ ಲೆಕ್ಕವನ್ನು ಅವರು ಚೆನ್ನಾಗಿ ಮಾಡಿದ್ದರು. 2 ಇಂಚಿನ ಕೊಳವೆಗೆ 50 ಮಿಲಿಮೀಟರ್ ದಪ್ಪದ ರಾಕ್‌ವೂಲ್ ಹೊದಿಸಿ, ಹೊರಗಿನ ಕನಿಷ್ಠ ತಾಪಮಾನ 18 ಡಿಗ್ರಿ ಎಂದು ಹಿಡಿದರೆ, 55 ಡಿಗ್ರಿ ಕಾಯ್ದುಕೊಳ್ಳಲು ಮೀಟರಿಗೆ ಸುಮಾರು 11 ವ್ಯಾಟ್ ಸಾಕಾಗುತ್ತದೆ. ಹೊದಿಕೆಯನ್ನು 25 ಮಿಲಿಮೀಟರಿಗೆ ಇಳಿಸಿದರೆ ಅದು 17 ವ್ಯಾಟಿಗೆ ಏರುತ್ತದೆ. ಅವರು ಮೀಟರಿಗೆ 15 ವ್ಯಾಟಿನ ವರ್ಗವನ್ನು ಆರಿಸಿದರು. ಕೊಳ್ಳುವವರು ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಕೇಬಲ್ಲಿನ ಮೇಲೆ ಮುದ್ರಿತವಾಗಿರುವ ವ್ಯಾಟ್ ಸಾಮಾನ್ಯವಾಗಿ 10 ಡಿಗ್ರಿಯ ಕೊಳವೆಗೆ ಸಂಬಂಧಿಸಿದ್ದು, ಮತ್ತು ಕಡಿಮೆ ತಾಪದ ದರ್ಜೆಯ ಕೇಬಲ್ಲುಗಳು 55 ಡಿಗ್ರಿಯ ಕೊಳವೆಯ ಮೇಲೆ ಅದರ ಅರ್ಧದಷ್ಟನ್ನೂ ಕೊಡದಿರಬಹುದು. ಹೆಚ್ಚಿನ ತಾಪದ ದರ್ಜೆಗಳಲ್ಲಿ ಈ ಇಳಿತ ಅಷ್ಟು ಕಡಿದಾಗಿಲ್ಲ. ತಯಾರಕರ ವಕ್ರರೇಖೆಯನ್ನು ಕೇಳಿ ಪಡೆದು ನಿಮ್ಮ ತಾಪಮಾನಕ್ಕೆ ಎಷ್ಟು ವ್ಯಾಟ್ ಎಂದು ಓದಿಕೊಳ್ಳದೆ ಆರ್ಡರ್ ಕೊಡಬಾರದು.

ಇಷ್ಟೆಲ್ಲ ಮೆಚ್ಚುಗೆಯ ನಂತರ, ನನಗೆ ನಿಜವಾಗಿ ಆತಂಕ ತಂದ ವಿಷಯಕ್ಕೆ ಬರುತ್ತೇನೆ. ತನ್ನ ಶಾಖವನ್ನು ತಾನೇ ಹತೋಟಿಯಲ್ಲಿಡುವ ಕೇಬಲ್ಲಿಗೆ ಬೆಂಕಿಯ ಭಯವೇ ಇಲ್ಲ ಎಂಬ ಮಾತನ್ನು ಮಾರಾಟದ ಪ್ರತಿನಿಧಿಗಳು ಧೈರ್ಯವಾಗಿ ಹೇಳುತ್ತಾರೆ, ನಮ್ಮವರೂ ಹೇಳಿದರು. ಆ ಗುಣ ಇರುವುದು ಆರೋಗ್ಯವಾಗಿರುವ ಕೇಬಲ್ಲಿಗೆ ಮಾತ್ರ. ಕೇಬಲ್ಲಿನ ಕವಚ ಸೀಳಿ ಒಳಗೆ ತೇವ ಹೊಕ್ಕರೆ, ತಂತಿಯಿಂದ ಸುತ್ತಲಿನ ಲೋಹದ ಹೆಣಿಗೆಗೆ ಸಣ್ಣ ಸೋರಿಕೆ ಆರಂಭವಾಗುತ್ತದೆ. ಆ ದಾರಿ ಕರಕಲಾಗಿ ಇಂಗಾಲದ ಗೆರೆಯಾಗುತ್ತದೆ, ಅಲ್ಲಿ ಕಿಡಿ ಹತ್ತುತ್ತದೆ, ಕಿಡಿ ಕೇಬಲ್ಲಿನ ಉದ್ದಕ್ಕೆ ನಿಧಾನವಾಗಿ ಸರಿಯುತ್ತದೆ. ಸೋರಿಕೆ ಅರ್ಧ ಆಂಪಿಯರ್ ಎಂದುಕೊಳ್ಳಿ: 230 ವೋಲ್ಟಿಗೆ 115 ವ್ಯಾಟ್ ಒಂದು ಉಗುರಿನಷ್ಟು ಜಾಗದಲ್ಲಿ, ಅದೂ ರಾಕ್‌ವೂಲ್ ಮತ್ತು ತಗಡಿನ ಹೊದಿಕೆಯೊಳಗೆ ಯಾರ ಕಣ್ಣಿಗೂ ಬೀಳದಂತೆ ಉರಿಯುತ್ತಿರುತ್ತದೆ. ಆ ಸರ್ಕ್ಯೂಟಿಗಿರುವ 20 ಆಂಪಿಯರಿನ ಎಂಸಿಬಿಗೆ (ಅತಿಪ್ರವಾಹ ಹರಿದಾಗ ಕಡಿಯುವ ಬ್ರೇಕರಿಗೆ) ಅರ್ಧ ಆಂಪಿಯರ್ ಹೆಚ್ಚಾದದ್ದು ತಿಳಿಯುವುದೇ ಇಲ್ಲ. ಈ ಕಾರಣಕ್ಕಾಗಿಯೇ ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ 427ನೆಯ ವಿಧಿ ಹೀಟ್ ಟ್ರೇಸಿಂಗಿಗೆ ಭೂಸೋರಿಕೆಯ ರಕ್ಷಣೆಯನ್ನು ಕಡ್ಡಾಯ ಮಾಡಿದೆ, ಮತ್ತು 2015ರಲ್ಲಿ ಐಇಸಿ ಹಾಗೂ ಐಇಇಇ ಎಂಬ ವಿದ್ಯುತ್ ಮಾನದಂಡ ಸಂಸ್ಥೆಗಳು ಜಂಟಿಯಾಗಿ ಹೊರತಂದ 60079-30-1 ಮಾನದಂಡವೂ ಅದನ್ನು ಕೇಳುತ್ತದೆ. ಸರ್ಕ್ಯೂಟನ್ನು ಕಡಿಯಬೇಕಾದ ಸೋರಿಕೆಯ ವಾಡಿಕೆಯ ಮಟ್ಟ 30 ಮಿಲಿಆಂಪಿಯರ್. ಲೋಹದ ಹೆಣಿಗೆ ಮತ್ತು ಅದರ ಅರ್ತಿಂಗ್ ಇರುವುದು ಸೋರಿಕೆಯ ಪ್ರವಾಹಕ್ಕೆ ಮರಳುವ ದಾರಿ ಕೊಡಲು. ಹೆಣಿಗೆಯನ್ನು ಜಂಕ್ಷನ್ ಬಾಕ್ಸಿನಲ್ಲಿ ಜೋಡಿಸದೆ ಬಿಟ್ಟರೆ ಅತ್ಯುತ್ತಮ ಆರ್‌ಸಿಸಿಬಿಯೂ (ಭೂಸೋರಿಕೆ ಕಂಡಾಗ ಸರ್ಕ್ಯೂಟ್ ಕಡಿಯುವ ಸಾಧನ) ಸುಮ್ಮನೆ ಕೂರುತ್ತದೆ.

ನಮಗೆ ಬಂದ ಪ್ಯಾನೆಲ್ಲಿನಲ್ಲಿ ನಾಲ್ಕು ಸರ್ಕ್ಯೂಟುಗಳಿಗೆ ಸೇರಿ ಒಂದೇ ಆರ್‌ಸಿಸಿಬಿ ಇತ್ತು, ಅದರ ಮಟ್ಟ 300 ಮಿಲಿಆಂಪಿಯರ್. ನಕ್ಷೆಯಲ್ಲಿ ಭೂಸೋರಿಕೆಯ ರಕ್ಷಣೆ ಇದೆ ಎಂದು ಬರೆದಿದ್ದರು, ಮಟ್ಟವನ್ನು ಬರೆದಿರಲಿಲ್ಲ. ಪ್ರಶ್ನಿಸಿದಾಗ ದೊರೆತ ಉತ್ತರ, ಮಳೆಗಾಲದಲ್ಲಿ 30ರದ್ದು ಸುಮ್ಮಸುಮ್ಮನೆ ಟ್ರಿಪ್ ಆಗಿ ನಿಮಗೇ ತೊಂದರೆ ಎಂಬುದು. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಮಳೆಯಲ್ಲಿ ಟ್ರಿಪ್ ಆಗುವ ಸರ್ಕ್ಯೂಟಿನಲ್ಲಿ ನೀರು ಎಲ್ಲೋ ಹೊಕ್ಕಿದೆ, ಮತ್ತು ಅದನ್ನು ಹೇಳುವುದಕ್ಕೇ ಆ ಸಾಧನ ಅಲ್ಲಿರುವುದು. ತೀರಾ ಉದ್ದವಾದ ಸರ್ಕ್ಯೂಟಿನಲ್ಲಿ ದೋಷವಿಲ್ಲದೆಯೂ ಸ್ವಲ್ಪ ಧಾರಕ (ಕೆಪ್ಯಾಸಿಟಿವ್) ಸೋರಿಕೆ ಸಹಜವಾಗಿ ಇರುವುದು ನಿಜ. ಅದಕ್ಕೆ ಪರಿಹಾರ ಸರ್ಕ್ಯೂಟನ್ನು ಒಡೆಯುವುದು, ಅಥವಾ ಸಹಜ ಸೋರಿಕೆಯನ್ನು ಅಳೆದು ಅದರ ಮೇಲೆ 30 ಮಿಲಿಆಂಪಿಯರ್ ಇಡಬಲ್ಲ ಎಲೆಕ್ಟ್ರಾನಿಕ್ ನಿಯಂತ್ರಕವನ್ನು ಹಾಕುವುದು. ಶಾಖ ನಿಂತರೆ ಇನ್ನೂ ದೊಡ್ಡ ಅಪಾಯ ಎದುರಾಗುವ ಕಡೆಗಳಲ್ಲಿ, ತರಬೇತಾದ ಸಿಬ್ಬಂದಿಯೇ ನಿರ್ವಹಿಸುವುದಾದರೆ, ಟ್ರಿಪ್ ಬದಲು ಎಚ್ಚರಿಕೆ ಗಂಟೆ ಸಾಕೆಂದು ಅಮೆರಿಕದ ಸಂಹಿತೆಯೂ ಒಪ್ಪುತ್ತದೆ. ನಮ್ಮದು ಅಂಥ ಕಾರ್ಖಾನೆಯಲ್ಲ. ಹಲವು ಪತ್ರಗಳ ನಂತರ ಪ್ರತಿ ಸರ್ಕ್ಯೂಟಿಗೂ 30 ಮಿಲಿಆಂಪಿಯರಿನ ಪ್ರತ್ಯೇಕ ಸಾಧನ ಬಂತು. ಅವರು ಅದಕ್ಕೆ ಹೆಚ್ಚುವರಿ ಹಣ ಕೇಳಿದರು, ನಾವು ಕೊಟ್ಟೆವು. ಕೇಳಿದ್ದು ನ್ಯಾಯವೆಂದು ಮಾತ್ರ ನಾನು ಹೇಳಲಾರೆ.

ಮಳೆಗಾಲ ಬಂದಾಗ ಟ್ರಿಪ್‌ಗಳೂ ಬಂದವು. ಹುಡುಕಿದಾಗ ಸಿಕ್ಕ ಕಾರಣಗಳು ಕೇಬಲ್ಲಿನಲ್ಲಿ ಇರಲಿಲ್ಲ, ಎಲ್ಲವೂ ಅದರ ತುದಿಗಳಲ್ಲಿದ್ದವು. ಒಂದು ಜಂಕ್ಷನ್ ಬಾಕ್ಸಿನ ಗ್ಲ್ಯಾಂಡಿನಲ್ಲಿ (ಕೇಬಲ್ ಒಳಹೋಗುವ ಕಂಡಿಯನ್ನು ಬಿಗಿಯುವ ಭಾಗ) ಕೇಬಲ್ಲಿನ ಚಪ್ಪಟೆ ಆಕಾರಕ್ಕೆ ಹೊಂದುವ ರಬ್ಬರಿನ ಬದಲು ದುಂಡು ಕೇಬಲ್ಲಿನ ರಬ್ಬರನ್ನು ಹಾಕಿದ್ದರು. ಇನ್ನೊಂದು ಕಡೆ ತುದಿಮುಚ್ಚಳದೊಳಗೆ ಸಿಲಿಕೋನ್ ಅಂಟನ್ನು ತುಂಬುವುದನ್ನೇ ಬಿಟ್ಟಿದ್ದರು. ತಯಾರಕರ ಕಿಟ್‌ಗಳ ಗುಣಮಟ್ಟ ಉತ್ತಮವಾಗಿದೆ, ಸೂಚನಾ ಹಾಳೆಯಲ್ಲಿ ಚಿತ್ರಸಹಿತ ವಿವರಗಳಿವೆ. ಆದರೆ ಆ ಹಾಳೆಗಳನ್ನು ಮಡಿಕೆ ಬಿಚ್ಚದೆಯೇ ಡಬ್ಬಿಯಲ್ಲಿ ಬಿಟ್ಟಿದ್ದರು. ದೂರದ ತುದಿಯಲ್ಲಿ ಎರಡು ತಂತಿಗಳನ್ನು ಒಂದಕ್ಕೊಂದು ತಿರುಚಿ ಸೇರಿಸುವುದು ಈ ಕೆಲಸಕ್ಕೆ ಹೊಸಬರಾದ ಎಲೆಕ್ಟ್ರಿಷಿಯನ್ನರ ಸಾಮಾನ್ಯ ತಪ್ಪು, ಏಕೆಂದರೆ ಹೀಟರ್ ಎಂದರೆ ಪ್ರವಾಹ ಹೋಗಿ ಮರಳಿ ಬರಬೇಕೆಂದು ಅವರ ರೂಢಿ ಹೇಳುತ್ತದೆ. ಈ ಕೇಬಲ್ಲಿನಲ್ಲಿ ಹಾಗೆ ಸೇರಿಸಿದರೆ ನೇರ ಶಾರ್ಟ್ ಸರ್ಕ್ಯೂಟ್. ನಮ್ಮ ಕೆಲಸದಲ್ಲಿ ಆ ತಪ್ಪು ನಡೆಯಲಿಲ್ಲ ಎಂಬುದನ್ನು ಅವರ ಪರವಾಗಿ ದಾಖಲಿಸುತ್ತೇನೆ.

ಅಪಾಯಕಾರಿ ಪ್ರದೇಶದ ವಿಷಯದಲ್ಲಿ ಅವರ ತಿಳಿವಳಿಕೆ ಮಿಶ್ರವಾಗಿತ್ತು. ಪಕ್ಕದಲ್ಲಿಯೇ ಮೆಥನಾಲ್ ಬೆರೆತ ಫಾರ್ಮಾಲಿನ್ (ಫಾರ್ಮಾಲ್ಡಿಹೈಡ್ ದ್ರಾವಣ) ಟ್ಯಾಂಕ್ ಇರುವುದರಿಂದ ನಮ್ಮ ಕೊಳವೆಯ ಒಂದು ಭಾಗ ಝೋನ್ 2ರಲ್ಲಿ, ಎಂದರೆ ಹೊತ್ತಿಕೊಳ್ಳುವ ಆವಿ ಅಪರೂಪಕ್ಕೆ ಸೇರಬಹುದಾದ ಜಾಗದಲ್ಲಿ, ಹಾಯುತ್ತದೆ. ಕಡಿಮೆ ತಾಪದ ಕೇಬಲ್ಲಿಗೆ ಟಿ6 ದರ್ಜೆಯಿದೆ, ಎಂದರೆ ಮೇಲ್ಮೈ 85 ಡಿಗ್ರಿ ಮೀರುವುದಿಲ್ಲ, ಅದನ್ನೇ ಇಟ್ಟುಕೊಳ್ಳಿ ಎಂದು ಅವರು ಒತ್ತಾಯಿಸಿದ್ದರು. ಮೆಥನಾಲ್ ಆವಿ ತಾನಾಗಿ ಹೊತ್ತಿಕೊಳ್ಳಲು 400 ಡಿಗ್ರಿಗೂ ಹೆಚ್ಚು ಬೇಕು. 200 ಡಿಗ್ರಿಯ ಮಿತಿಯುಳ್ಳ ಟಿ3 ದರ್ಜೆಯೇ ಇಲ್ಲಿ ಧಾರಾಳವಾಯಿತು. ನಮ್ಮಲ್ಲಿ ಹೊತ್ತಿಸಬಲ್ಲದ್ದು ಕೇಬಲ್ಲಿನ ಮೇಲ್ಮೈಗಿಂತ ಹೆಚ್ಚಾಗಿ ಸಡಿಲವಾದ ಟರ್ಮಿನಲ್ಲಿನ ಕಿಡಿ. ಆದ್ದರಿಂದ ಕೇಬಲ್ಲಿನ ಪ್ರಮಾಣಪತ್ರವೊಂದನ್ನೇ ನೋಡಿ ಸಮಾಧಾನಪಡಬಾರದು: ಪೆಸೊ (ಸ್ಫೋಟಕ ಸುರಕ್ಷತೆಯ ಕೇಂದ್ರ ಸರಕಾರಿ ಸಂಸ್ಥೆ) ಅನುಮೋದನೆ ಜಂಕ್ಷನ್ ಬಾಕ್ಸಿಗೂ ಗ್ಲ್ಯಾಂಡಿಗೂ ಥರ್ಮೋಸ್ಟಾಟಿಗೂ ಇರಬೇಕು, ಮತ್ತು ಕೇಬಲ್ಲಿನ ಪ್ರಮಾಣಪತ್ರದಲ್ಲಿ ಹೆಸರಿಸಿದ ಕಿಟ್‌ಗಳನ್ನೇ ಬಳಸಿರಬೇಕು. ಒಬ್ಬರ ಕೇಬಲ್ಲಿಗೆ ಇನ್ನೊಬ್ಬರ ತುದಿಮುಚ್ಚಳ ಹಾಕಿದ ಕ್ಷಣವೇ ಆ ಕಾಗದಕ್ಕೆ ಬೆಲೆಯಿಲ್ಲ. ನಮಗೆ ಎಲ್ಲ ಪ್ರತಿಗಳೂ ದೊರೆತವು, ಆದರೆ ಕೇಳಿ ಕೇಳಿ ಪಡೆಯಬೇಕಾಯಿತು.

ಅಳವಡಿಸಿದ ತಂಡದ ಕೈಕೆಲಸ ಮೆಚ್ಚುವಂಥದು. ಕೇಬಲ್ಲನ್ನು ಕೊಳವೆಯ ಕೆಳಭಾಗದ ಓರೆಯಲ್ಲಿ, ಗಡಿಯಾರದ ನಾಲ್ಕು ಗಂಟೆಯ ಸ್ಥಾನದಲ್ಲಿ ನೇರವಾಗಿ ಎಳೆದು, ಗಾಜಿನ ನಾರಿನ ಟೇಪಿನಿಂದ ಒಂದಡಿಗೊಮ್ಮೆ ಕಟ್ಟಿದ್ದರು. ಲೋಹದ ತಂತಿಯನ್ನಾಗಲಿ ಪಿವಿಸಿ ಟೇಪನ್ನಾಗಲಿ ಬಳಸಲಿಲ್ಲ. ವಾಲ್ವುಗಳ ಬಳಿ ಬಿಚ್ಚಿ ಸರಿಸಲು ಬರುವಂತೆ ಹೆಚ್ಚುವರಿ ಸುರುಳಿ ಬಿಟ್ಟಿದ್ದರು. ಕೇಬಲ್ಲಿನ ವಿದ್ಯುತ್ ನಿರೋಧವನ್ನು ಅಳೆಯುವ ಮೆಗ್ಗರ್ ಪರೀಕ್ಷೆಯ ವಿಷಯದಲ್ಲಿ ನಾವು ಪಟ್ಟು ಹಿಡಿದೆವು: ರೀಲಿನಲ್ಲಿರುವಾಗ ಒಮ್ಮೆ, ಕೊಳವೆಗೆ ಕಟ್ಟಿದ ಮೇಲೆ ಒಮ್ಮೆ, ತಗಡಿನ ಹೊದಿಕೆ ಮುಗಿದ ಮೇಲೆ ಒಮ್ಮೆ, 2500 ವೋಲ್ಟ್ ಡಿಸಿಯಲ್ಲಿ. 500 ವೋಲ್ಟಿನ ಪರೀಕ್ಷೆ ಪಾಲಿಮರ್ ಕವಚದ ಸಣ್ಣ ಸೀಳನ್ನು ಕಾಣದೆ ಹೋಗಬಹುದು. ಮಾನದಂಡ ಕೇಳುವುದು ಕನಿಷ್ಠ 20 ಮೆಗಾಓಮ್. ಹೊಸ ಕೇಬಲ್ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತೋರಿಸುತ್ತದೆ, ಹಾಗಾಗಿ 20ರ ಸಮೀಪ ಬಂದದ್ದನ್ನು ಪಾಸಾಯಿತೆಂದು ಬಿಡದೆ ಕಾರಣ ಹುಡುಕುವುದು ಒಳ್ಳೆಯದು. ಮೂರನೆಯ ಪರೀಕ್ಷೆಯಲ್ಲಿ ಒಂದು ಸರ್ಕ್ಯೂಟ್ ಪೂರ್ತಿ ಕುಸಿದಿತ್ತು. ತಗಡು ಬಿಚ್ಚಿದಾಗ ಹೊದಿಕೆಯ ಸ್ಕ್ರೂ ಕೇಬಲ್ಲಿನ ನಡುವೆಯೇ ಇಳಿದಿರುವುದು ಕಂಡಿತು. ಆ ತಪ್ಪು ಇನ್ಸುಲೇಷನ್ ಹಾಕಿದ ಉಪಗುತ್ತಿಗೆಯವರದು, ಅವರಿಗೆ ಕೇಬಲ್ ಎಲ್ಲಿದೆಯೆಂದು ಯಾರೂ ತೋರಿಸಿರಲಿಲ್ಲ. ಹೊದಿಕೆಯ ಮೇಲೆ ‘ಒಳಗೆ ವಿದ್ಯುತ್ ಕೇಬಲ್ ಇದೆ’ ಎಂಬ ಫಲಕಗಳನ್ನು ಆರು ಮೀಟರಿಗಿಂತ ಹೆಚ್ಚು ಅಂತರವಿಲ್ಲದಂತೆ ಹಚ್ಚುವುದು ನಿಯಮ. ಅವರು ಹಚ್ಚಿದ್ದು ಇಂಗ್ಲಿಷಿನಲ್ಲಿ ಮಾತ್ರ. ಕನ್ನಡದ ಮತ್ತು ಹಿಂದಿಯ ಫಲಕಗಳನ್ನು ನಾವೇ ಮಾಡಿಸಿದೆವು, ಏಕೆಂದರೆ ಕೊಳವೆಯ ಬಳಿ ಡ್ರಿಲ್ ಹಿಡಿದು ನಿಲ್ಲುವವರು ಓದುವುದು ಆ ಭಾಷೆಗಳನ್ನು.

ನಿಯಂತ್ರಣಕ್ಕೆ ಕೊಳವೆಯ ಗೋಡೆಗೆ ತಾಗಿಸಿದ, ಆರ್‌ಟಿಡಿ ಎಂಬ ತಾಪಮಾನ ಸಂವೇದಕ ಇದೆ. ಸಂವೇದಕವನ್ನು ಕೇಬಲ್ಲಿನಿಂದ ದೂರ, ಕೊಳವೆಯ ಎದುರು ಬದಿಯಲ್ಲಿ ಇಟ್ಟದ್ದು ಸರಿಯಾದ ಕ್ರಮ. ಪ್ರತ್ಯೇಕವಾದ ಗರಿಷ್ಠ ಮಿತಿಯ ಸಾಧನ ಬೇಡವೆಂದು ಅವರ ವಾದ, ಕೇಬಲ್ ತಾನೇ ತಗ್ಗುತ್ತದಲ್ಲ ಎಂದು. ಲೆಕ್ಕ ಹಾಕಿ ನೋಡೋಣ. ವಿದ್ಯುತ್ತನ್ನು ಸೇರಿಸಿ ಬಿಡಿಸುವ ಕಾಂಟ್ಯಾಕ್ಟರ್ ಅಂಟಿಕೊಂಡು ಕೇಬಲ್ ಸದಾ ಚಾಲೂ ಇದ್ದರೆ, 34 ಡಿಗ್ರಿಯ ಬೇಸಿಗೆ ಮಧ್ಯಾಹ್ನ ಈ ಕೊಳವೆ 80 ಡಿಗ್ರಿಯ ಕಡೆಗೆ ಏರಬಹುದು. ಫಿನಾಲ್‌ನ ಫ್ಲಾಶ್ ಪಾಯಿಂಟ್, ಎಂದರೆ ಅದರ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲ ತಾಪಮಾನ, 79 ಡಿಗ್ರಿ. ತುಂಬಿದ ಕೊಳವೆಯೊಳಗೆ ಗಾಳಿಯಿಲ್ಲದ್ದರಿಂದ ತಕ್ಷಣದ ಅಪಾಯವಿಲ್ಲದಿದ್ದರೂ, ಟ್ಯಾಂಕರಿನ ಹೋಸ್ ಬಿಚ್ಚುವ ಕಟ್ಟೆಯಲ್ಲಿ ಅದೇ ಮಾತನ್ನು ಹೇಳಲಾಗದು. ಕೈಯಿಂದ ಮಾತ್ರ ಮರುಚಾಲನೆಯಾಗುವ ಮಿತಿಸಾಧನವೊಂದನ್ನು ನಾವು 70 ಡಿಗ್ರಿಗೆ ಇಟ್ಟು ಹಾಕಿಸಿದೆವು.

ಇನ್ನೊಂದು ಅಪಾಯ ಅವರ ಕೈಪಿಡಿಯಲ್ಲಿ ಎಲ್ಲಿಯೂ ಇರಲಿಲ್ಲ. ವಿದ್ಯುತ್ ಬಹಳ ಹೊತ್ತು ಇಲ್ಲದೆ ಫಿನಾಲ್ ಕೊಳವೆಯಲ್ಲಿ ಗಟ್ಟಿಯಾದ ಮೇಲೆ ಕರೆಂಟ್ ಮರಳಿ ಬಂದರೆ, ಕೇಬಲ್ ತಾನಾಗಿ ಕಾಯಿಸತೊಡಗುತ್ತದೆ. ಫಿನಾಲ್ ಕರಗುವಾಗ ಹಿಗ್ಗುತ್ತದೆ. ಹೊದಿಕೆ ಸಡಿಲವಾದ ಫ್ಲ್ಯಾಂಜ್, ಸಪೋರ್ಟ್ ಮುಂತಾದ ತಂಪು ಜಾಗಗಳಲ್ಲಿ ಗಟ್ಟಿ ಬೆಣೆಗಳು ಉಳಿದು ನಡುವಿನ ಭಾಗ ಕರಗಿದರೆ, ಹಿಗ್ಗಲು ಜಾಗವಿಲ್ಲದ ದ್ರವ ಗ್ಯಾಸ್ಕೆಟ್ಟನ್ನೇ ಕಿತ್ತುಕೊಂಡು ಹೊರಬರಬಹುದು. ಹಾಗಾಗಿ ದೀರ್ಘ ವಿದ್ಯುತ್ ಕಡಿತದ ನಂತರ ಕಾಂಟ್ಯಾಕ್ಟರ್ ತಾನಾಗಿ ಸೇರದಂತೆ ಬದಲಾಯಿಸಿದ್ದೇವೆ. ಟ್ಯಾಂಕಿನ ಕಡೆಯ ವಾಲ್ವ್ ತೆರೆದಿದೆಯೆಂದು ನೋಡಿ, ಟ್ಯಾಂಕಿಗೆ ಹತ್ತಿರದ ಸರ್ಕ್ಯೂಟಿನಿಂದ ಆರಂಭಿಸಿ ಒಂದೊಂದಾಗಿ ಚಾಲೂ ಮಾಡುವುದು ಈಗಿನ ಕ್ರಮ. ಇದರಿಂದ ಇನ್ನೊಂದು ಅನುಕೂಲವೂ ಆಯಿತು: ತಣ್ಣಗಿರುವ ಸೆಲ್ಫ್ ರೆಗ್ಯುಲೇಟಿಂಗ್ ಕೇಬಲ್ ಮೊದಲ ಕೆಲವು ನಿಮಿಷ ತನ್ನ ಸಾಮಾನ್ಯ ಪ್ರವಾಹಕ್ಕಿಂತ ಹೆಚ್ಚು ಎಳೆಯುವುದರಿಂದ, ಎಲ್ಲವೂ ಒಟ್ಟಿಗೆ ಸೇರಿ ಮುಖ್ಯ ಬ್ರೇಕರ್ ಬೀಳುವುದು ತಪ್ಪಿತು.

ಚಾಲನೆಯ ನಂತರದ ಸೇವೆ ಸಾಧಾರಣ. ಕರೆದರೆ ಬರುತ್ತಾರೆ, ಆದರೆ ಬರುವ ತಂತ್ರಜ್ಞರ ಕೈಯಲ್ಲಿ ನಮ್ಮ ಕಾರ್ಖಾನೆಯ ನಕ್ಷೆ ಇರುವುದಿಲ್ಲ. ಒಪ್ಪಿಸಿದ ದಾಖಲೆಗಳಲ್ಲಿ ಸರ್ಕ್ಯೂಟಿನ ಉದ್ದ, ಕೇಬಲ್ಲಿನ ಬ್ಯಾಚ್ ಸಂಖ್ಯೆ, ಮೆಗ್ಗರಿನ ಓದುಗಳು, ಹೊದಿಕೆಯೊಳಗೆ ಅಡಗಿದ ಜೋಡಣೆಗಳ ಜಾಗ ಇವೆಲ್ಲ ಇರಬೇಕಾಗಿತ್ತು, ಕೊನೆಯದು ಇರಲಿಲ್ಲ. ನಾವೇ ತಗಡು ಮುಚ್ಚುವ ಮೊದಲು ತೆಗೆದಿದ್ದ ಫೋಟೋಗಳಿಂದ ಅದನ್ನು ತುಂಬಿಕೊಂಡೆವು. ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತುವುದೂ ಮಳೆಗಾಲಕ್ಕೆ ಮೊದಲು ಪ್ರತಿ ಸರ್ಕ್ಯೂಟನ್ನು ಮೆಗ್ಗರ್ ಮಾಡುವುದೂ ನಮ್ಮ ನಿರ್ವಹಣಾ ಪಟ್ಟಿಗೆ ಸೇರಿವೆ, ವಾರ್ಷಿಕ ಒಪ್ಪಂದವನ್ನು ಅವರೊಂದಿಗೆ ಮಾಡಿಕೊಂಡಿಲ್ಲ.

ಕೇಬಲ್ಲಿಗೆ ಐದರಲ್ಲಿ ನಾಲ್ಕೂವರೆ, ಅಳವಡಿಕೆಗೆ ನಾಲ್ಕು, ತುದಿಜೋಡಣೆಗೆ ಎರಡೂವರೆ, ಮೊದಲು ಬಂದ ಪ್ಯಾನೆಲ್ಲಿಗೆ ಒಂದು ಅಂಕ ಕೊಡುತ್ತೇನೆ. ಮುಂದಿನ ಹಂತದಲ್ಲಿ ಫಾರ್ಮಾಲಿನ್ ಮಾರ್ಗಕ್ಕೂ ಇದೇ ತಯಾರಕರ ಕೇಬಲ್ ಮತ್ತು ಕಿಟ್‌ಗಳನ್ನು ತರಿಸುವ ಮಾತಿದೆ. ಪ್ಯಾನೆಲ್ಲನ್ನು ಮಾತ್ರ ಪ್ರತಿ ಸರ್ಕ್ಯೂಟಿಗೆ 30 ಮಿಲಿಆಂಪಿಯರ್ ಎಂದು ಆರ್ಡರಿನಲ್ಲಿಯೇ ಬರೆದು ಬೇರೆಯವರಿಂದ ಮಾಡಿಸುತ್ತೇವೆ, ಮತ್ತು ಕೊನೆಯ ಕಂತಿನ ಹಣವನ್ನು ಹೊದಿಕೆ ಮುಗಿದ ನಂತರದ ಮೆಗ್ಗರ್ ವರದಿಗೆ ಕಟ್ಟಿಹಾಕುತ್ತೇವೆ.